ಕಂಬದಿಂದ ಮನೆಯವರೆಗೆ

ವಿದ್ಯುತ್ತಿನ ಬೆಲೆ ಎಷ್ಟು ಎಂದು ಯಾರಾದರೂ ಕೇಳಿದರೆ, ಪೇಟೆಯಲ್ಲಿ ಮನೆ ಮಾಡಿಕೊಂಡಿರುವ ನೀವು ತಿಂಗಳ ಬಿಲ್ಲನ್ನು ತೆಗೆದು ತೋರಿಸುವಿರಿ. ಇಂತಿಷ್ಟು ಯೂನಿಟ್ಟು, ಇಂತಿಷ್ಟು ರೂಪಾಯಿ. ಗೋಡೆಯ ಮೇಲಿನ ಒಂದು ಗುಂಡಿಯನ್ನೊತ್ತಿದರೆ ದೀಪ ಬರುತ್ತದೆ, ಇನ್ನೊಂದನ್ನೊತ್ತಿದರೆ ಪಂಖ ತಿರುಗುತ್ತದೆ, ಮತ್ತೊಂದನ್ನು ತಿರುವಿದರೆ ನಮ್ಮಂಥವರ ಭಾಷಣ ಕೇಳಿಸುತ್ತದೆ. ಇದಕ್ಕೆಲ್ಲ ತಿಂಗಳಿಗೊಮ್ಮೆ ಹಣ ಕಟ್ಟಿದರೆ ಲೆಕ್ಕ ಚುಕ್ತ. ಆದರೆ ಇನ್ನೊಂದು ಬೆಲೆಯಿದೆ. ಆ ಗುಂಡಿ ಗೋಡೆಗೆ ಬರುವುದಕ್ಕೆ ಮೊದಲೇ ಕೊಡಬೇಕಾದ ಬೆಲೆ. ನಿಮ್ಮ ಮನೆಯಲ್ಲಿ ಅದನ್ನು ನಿಮ್ಮ ತಂದೆಯವರೋ, ಅಜ್ಜನೋ, ಮನೆಯ ಮಾಲಿಕರೋ ಎಂದೋ ಕೊಟ್ಟು ಮುಗಿಸಿದ್ದಾರೆ. ಆದುದರಿಂದ ಅದು ನಿಮ್ಮ ನೆನಪಿನಲ್ಲಿಲ್ಲ. ಇಂದು ನಾನು ಹೇಳಹೊರಟಿರುವುದು ಆ ಮೊದಲಿನ ಬೆಲೆಯನ್ನು ಕುರಿತು.

ನಾನು ಕನ್ನಡ ಪಂಡಿತ. ತಂತಿ ಕಂಬಗಳ ಶಾಸ್ತ್ರ ನನ್ನದಲ್ಲ. ಅಮರಕೋಶದಲ್ಲಿ ಮಿಂಚಿಗೆ ವಿದ್ಯುತ್ ಎಂಬುದರ ಜೊತೆಗೆ ಕ್ಷಣಪ್ರಭಾ ಎಂದೂ ಚಪಲಾ ಎಂದೂ ಹೆಸರುಗಳಿವೆ. ಆಷಾಢದ ಮಳೆಯಲ್ಲಿ ನಮ್ಮ ಶಿರಾಲಿಯ ದೀಪಗಳನ್ನು ನೋಡಿದವರು ಆ ಎರಡು ಹೆಸರುಗಳೂ ಎಷ್ಟು ಸಾರ್ಥಕವೆಂದು ಒಪ್ಪಿಯಾರು. ನನ್ನ ಪಾಂಡಿತ್ಯದ ಎಲ್ಲೆ ಅಷ್ಟೇ. ಆದರೆ ಮೂವತ್ತು ವರ್ಷ ಈ ಸುತ್ತಿನ ಮಕ್ಕಳಿಗೆ ಪಾಠ ಹೇಳಿದವನಿಗೆ, ಯಾವ ಮಗುವಿನ ಮನೆಯಲ್ಲಿ ದೀಪವಿದೆ, ಯಾವುದರಲ್ಲಿ ಇಲ್ಲ ಎಂಬುದು ಬರವಣಿಗೆಯ ಪುಸ್ತಕ ತೆರೆದೊಡನೆ ತಿಳಿಯುತ್ತಿತ್ತು. ಹಾಳೆಯ ಅಂಚಿಗೆ ಚಿಮಣಿ ದೀಪದ ಮಸಿ ಹತ್ತಿರುತ್ತಿತ್ತು. ಹಗಲು ಬರೆದ ಅಕ್ಷರ ಒಂದು ಬಗೆ, ರಾತ್ರಿ ಬರೆದ ಅಕ್ಷರ ಇನ್ನೊಂದು ಬಗೆ. ಇಂದು ಅಂತಹ ಪುಸ್ತಕ ಅಪರೂಪವಾಗಿದೆ. ಆದರೂ ಗುಡ್ಡದ ಬುಡದಿಂದ ಬರುವ ಮಕ್ಕಳಲ್ಲಿ ಅದು ಪೂರ್ತಿ ಇಲ್ಲವಾಗಿಲ್ಲ.

ಕೆಲವು ವರ್ಷಗಳ ಹಿಂದೆ ಹತ್ತನೆಯ ತರಗತಿಯಲ್ಲಿ ಓದುತ್ತಿದ್ದ ಒಬ್ಬ ಹುಡುಗಿಯ ತಂದೆಯನ್ನು ನಾನು ಕೇಳಿದೆ: "ಮನೆಗೊಂದು ದೀಪ ಹಾಕಿಸಿಕೊಳ್ಳಬಾರದೆ?" ಆತ ತೋಟದ ಕೂಲಿಯವನು. "ಬಿಲ್ ಕಟ್ಟುಕೆ ಅಡ್ಡಿಲ್ಲ ಮಾಸ್ತರೆ, ಕಂಬ ನಾನೆಲ್ಲಿಂದ ತರ್ಲಿ?" ಎಂದ. ದಾರಿಯ ಕೊನೆಯ ಕಂಬದಿಂದ ಅವನ ಮನೆಗೆ ನಾಲ್ಕು ಕಂಬಗಳ ದೂರ. ಅವನ ಮಾತಿನಲ್ಲಿ ಈ ವಿಷಯದ ತಿರುಳೆಲ್ಲ ಇದೆ. ಅರ್ಥಶಾಸ್ತ್ರದವರು ಹೇಳಿದರೂ ಇದಕ್ಕಿಂತ ಹೆಚ್ಚೇನೂ ಹೇಳಲಾರರು.

ಬಿಲ್ಲಿಗೆ ಏಕೆ ಅಡ್ಡಿಯಿಲ್ಲ ಎಂಬುದನ್ನು ಮೊದಲು ನೋಡೋಣ. 40 ವ್ಯಾಟಿನ ಹಳೆಯ ಬಲ್ಬು ದಿನಕ್ಕೆ 5 ತಾಸಿನಂತೆ ಉರಿದರೆ ತಿಂಗಳಿಗೆ 6 ಯೂನಿಟ್ಟು ಆಗುತ್ತದೆ. ಈಗಿನ 9 ವ್ಯಾಟಿನ ಎಲ್.ಇ.ಡಿ. ಬಲ್ಬು ಅಷ್ಟೇ ಹೊತ್ತು ಉರಿದರೆ ಒಂದೂವರೆ ಯೂನಿಟ್ಟೂ ಆಗದು; ಬೆಳಕು ಮಾತ್ರ ಮೊದಲಿನದಕ್ಕಿಂತ ಹೆಚ್ಚು. ಆ ಬಲ್ಬಿನ ಬೆಲೆಯಾದರೂ ಏನು! ಸರಕಾರ 2014ರಲ್ಲಿ ಸಗಟಾಗಿ ಕೊಂಡಾಗ ಒಂದಕ್ಕೆ 310 ರೂಪಾಯಿ ಬಿದ್ದುದು ಮೂರು ವರ್ಷಗಳೊಳಗೆ 38 ರೂಪಾಯಿಗೆ ಇಳಿಯಿತು. ದೀಪ ಅಗ್ಗವಾಯಿತು, ಅದರ ಹಸಿವೂ ಕಡಿಮೆಯಾಯಿತು. ಆದರೆ ಕಂಬ ಅಗ್ಗವಾಗಲಿಲ್ಲ. ಸಿಮೆಂಟು, ಕಬ್ಬಿಣ, ಅಲ್ಯೂಮಿನಿಯಮ್ ತಂತಿ, ಲಾರಿಯ ಬಾಡಿಗೆ, ಹೊರುವವರ ಕೂಲಿ ಇವು ಯಾವುವೂ ಇಳಿಯುವ ಪದಾರ್ಥಗಳಲ್ಲ.

ಇನ್ನು ನಮ್ಮ ಕರಾವಳಿಯ ಮನೆಗಳ ಸಂಗತಿ. ಧಾರವಾಡದ ಕಡೆಯ ಬಯಲುಸೀಮೆಯಲ್ಲಿ ಮನೆಗೆ ಮನೆ ತಾಗಿರುತ್ತದೆ. ಒಂದು ಮಾಳಿಗೆಯಿಂದ ಇನ್ನೊಂದು ಮಾಳಿಗೆಗೆ ದಾಟಿ ಹೋಗಬಹುದು. ಅಲ್ಲಿ ಓಣಿಯ ಮೂಲೆಗೆ ಒಂದು ಕಂಬ ಹುಗಿದರೆ ಎಂಟು ಹತ್ತು ಮನೆಗಳಿಗೆ ತಂತಿ ಎಳೆಯಬಹುದು. ಶಿರಾಲಿಯಲ್ಲಿ, ಭಟಕಳದಲ್ಲಿ, ಹೊನ್ನಾವರ ಕುಮಟೆಗಳಲ್ಲಿ ಪೇಟೆಯನ್ನು ಬಿಟ್ಟರೆ ಊರೆಂಬುದು ಹೆಸರಿಗೆ ಒಂದು. ಮನೆಗಳು ಮಾತ್ರ ತೆಂಗಿನ ತೋಟಕ್ಕೊಂದು, ಗದ್ದೆಯ ಅಂಚಿಗೊಂದು, ಗುಡ್ಡದ ಬುಡಕ್ಕೊಂದು. ನೆರೆಮನೆಯವರನ್ನು ಕರೆಯಬೇಕಾದರೆ ಕೂಗು ಹಾಕಬೇಕು. ಕಂಬದಿಂದ ಮನೆಗೆ ನೇರವಾಗಿ ಎಳೆಯುವ ತಂತಿಗೆ ಸಾಮಾನ್ಯವಾಗಿ 30 ಮೀಟರಿನ ಮಿತಿಯಿದೆ. ಅದಕ್ಕಿಂತ ದೂರವಾದರೆ ನಡುವೆ ಇನ್ನೊಂದು ಕಂಬ ಬೇಕು. ಹೀಗೆ ಬಯಲುಸೀಮೆಯಲ್ಲಿ ಕಂಬಕ್ಕೆ ಹತ್ತು ಮನೆಯಾದರೆ, ನಮ್ಮಲ್ಲಿ ಮನೆಗೆ ನಾಲ್ಕು ಕಂಬ.

ಆ ಕಂಬವನ್ನು ನಿಲ್ಲಿಸುವುದೂ ಸುಲಭವಲ್ಲ. ಕಂಬದ ಆರನೆಯ ಒಂದು ಪಾಲು ನೆಲದೊಳಗೆ ಇಳಿಯಬೇಕೆಂಬುದು ವಾಡಿಕೆಯ ನಿಯಮ. 8 ಮೀಟರಿನ ಕಂಬಕ್ಕೆ ಸುಮಾರು ನಾಲ್ಕೂವರೆ ಅಡಿ ಗುಂಡಿ. ಗದ್ದೆಯಲ್ಲಾದರೆ ಕೆಸರು, ಕಂಬ ವಾಲುತ್ತದೆ. ಗುಡ್ಡದಲ್ಲಾದರೆ ಚಿರೆಕಲ್ಲು, ಗುದ್ದಲಿ ಎದ್ದು ಹಾರುತ್ತದೆ. ಲಾರಿ ಹೋಗುವ ದಾರಿ ಮುಗಿದ ಮೇಲೆ ಸಿಮೆಂಟಿನ ಕಂಬವನ್ನು ಹತ್ತು ಹನ್ನೆರಡು ಜನ ಹೆಗಲ ಮೇಲೆ ಹೊತ್ತು, "ಐಸಾ" ಹಾಕುತ್ತ, ಗದ್ದೆಯ ಹಾಳಿಯ ಮೇಲೆ, ಅಡಕೆ ಮರದ ಸಂಕದ ಪಕ್ಕದಲ್ಲಿ ಹೊಳೆಗಿಳಿದು ನಡೆಯುವುದನ್ನು ನೀವು ನೋಡಬೇಕು. ದೇವರ ತೇರೆಳೆಯುವಾಗಲೂ ಅಷ್ಟು ಎಚ್ಚರಿಕೆ ಇರುವುದಿಲ್ಲ.

ಮಕ್ಕಳು ಕೇಳುವ ಒಂದು ಪ್ರಶ್ನೆಯಿದೆ: "ದೊಡ್ಡ ದೊಡ್ಡ ತಂತಿ ನಮ್ಮ ಗುಡ್ಡದ ಮೇಲೆಯೇ ಹೋಗುತ್ತದಲ್ಲ ಸರ್, ಅದರಿಂದಲೇ ಏಕೆ ಕೊಡಬಾರದು?" ಪ್ರಶ್ನೆ ಮಗುವಿನದಾದರೂ ಅದರಲ್ಲಿ ದೊಡ್ಡವರ ಅಳಲೂ ಸೇರಿದೆ. ಹೊನ್ನಾವರದಲ್ಲಿ ಸಮುದ್ರವನ್ನು ಸೇರುವ ಶರಾವತಿ, ಜೋಗದಲ್ಲಿ 1948ರಲ್ಲೇ ವಿದ್ಯುತ್ತನ್ನು ಕೊಡತೊಡಗಿತು. ಜೋಗ ಆಗ ಮೈಸೂರು ಸೀಮೆಯದು. ನಾವು 1956ರ ನವೆಂಬರ್ 1ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದವರು. ನದಿ ನಮ್ಮ ಕಡೆಗೆ ಹರಿಯಿತು, ಬೆಳಕು ಆ ಕಡೆಗೆ ಹೋಯಿತು. ರಾಜ್ಯ ಒಂದಾಗಿ, 1957ರಲ್ಲಿ ವಿದ್ಯುಚ್ಛಕ್ತಿ ಮಂಡಲಿ ಹುಟ್ಟಿ, 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಎದ್ದು, 1035 ಮೆಗಾವ್ಯಾಟಿನ ಶರಾವತಿ ವಿದ್ಯುದಾಗಾರ ಬೆಳೆದು ನಿಂತಿತು. ಆಮೇಲೆ ಗೇರುಸೊಪ್ಪೆಯಲ್ಲಿ 240 ಮೆಗಾವ್ಯಾಟು. ಕಾಳಿಯ ಮೇಲೆ ಸಾಲು ಅಣೆಕಟ್ಟುಗಳು. ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ಅಣುಘಟಕಗಳು. ಇಷ್ಟು ವಿದ್ಯುತ್ತನ್ನು ಹಡೆದ ಸೀಮೆ ಕರ್ನಾಟಕದಲ್ಲಿ ಇನ್ನೊಂದು ಅಪರೂಪ. ಆ ಅಣೆಕಟ್ಟುಗಳಿಗೆ ನೆಲ ಬಿಟ್ಟುಕೊಟ್ಟವರಲ್ಲೇ ಎಷ್ಟೋ ಕುಟುಂಬಗಳು ಶರಾವತಿಯ ಹಿನ್ನೀರಿನ ಅಂಚಿನಲ್ಲಿ ದಶಕಗಟ್ಟಲೆ ಕಂದೀಲಿನಲ್ಲಿ ಕಾಲ ಕಳೆದರು.

ಮಗುವಿಗೆ ನಾನು ಕೊಡುವ ಉತ್ತರ ಇದು: ಜೋಗದ ಧಾರೆಗೆ ತಂಬಿಗೆ ಹಿಡಿದರೆ ನೀರು ತುಂಬುವುದಿಲ್ಲ, ಕೈಯೇ ಮುರಿಯುತ್ತದೆ. ಗೋಪುರಗಳ ಮೇಲಿನ ತಂತಿಯಲ್ಲಿ ಲಕ್ಷ, ಎರಡು ಲಕ್ಷ ವೋಲ್ಟುಗಳ ಒತ್ತಡವಿದೆ. ಅದನ್ನು ಉಪಕೇಂದ್ರಗಳಲ್ಲಿ ತಗ್ಗಿಸಿ 11 ಸಾವಿರಕ್ಕೆ ತಂದು, ಆ 11 ಸಾವಿರವನ್ನು ಊರಿನ ಪರಿವರ್ತಕದಲ್ಲಿ ಮತ್ತೆ ತಗ್ಗಿಸಿ, ಮನೆಗೆ ಬರುವಾಗ 230 ವೋಲ್ಟು ಆಗುತ್ತದೆ. ಪರಿವರ್ತಕ ಎಂದರೆ ನಿಮ್ಮ ಬೀದಿಯಲ್ಲಿ ಎರಡು ಕಂಬಗಳ ನಡುವೆ ಗುಂಯ್‌ಗುಟ್ಟುವ ಆ ಪೆಟ್ಟಿಗೆ, ಜನರ ಬಾಯಲ್ಲಿ ಟಿ.ಸಿ. ಅಲ್ಲಿಂದ ಹೊರಟ ತಂತಿ ತೀರ ದೂರ ಹೋದರೆ ದಾರಿಯಲ್ಲೇ ಬಲ ಉಡುಗುತ್ತದೆ. ಸಂಜೆ ಎಲ್ಲರೂ ದೀಪ ಹಾಕಿದಾಗ ಕೊನೆಯ ಮನೆಯ ಬಲ್ಬು ಕೆಂಡದಂತೆ ಕೆಂಪಗೆ ಮಿಣುಗುತ್ತದೆ. ಆದುದರಿಂದ ದೂರದ ಕೇರಿಗೆ ಬರಿಯ ಕಂಬ ಸಾಲದು, ಇನ್ನೊಂದು ಪರಿವರ್ತಕವೇ ಬೇಕಾಗುತ್ತದೆ. ಐದು ಮನೆಗಳಿಗಾಗಿ ಒಂದು ಪರಿವರ್ತಕ ಎಂದರೆ ಯಾವ ಅಧಿಕಾರಿಯೂ ಕಡತವನ್ನು ಒಮ್ಮೆ ಕೆಳಗಿಡುತ್ತಾನೆ.

ಕಂಬ ಬಂದಿತೆಂದೇ ಇಟ್ಟುಕೊಳ್ಳಿ. ಮನೆಯೊಳಗಿನ ಖರ್ಚು ಇನ್ನೂ ಬಾಕಿ. ಪರವಾನಗಿ ಪಡೆದ ಗುತ್ತಿಗೆದಾರನಿಂದಲೇ ತಂತಿ ಹಾಕಿಸಿ ಅವನ ಸಹಿಯ ಪತ್ರ ತರಬೇಕು; ಮೀಟರಿನ ಹಲಗೆ, ಠೇವಣಿ, ಅಂಗಳದಲ್ಲಿ ಅರ್ಥಿಂಗಿನ ಗುಂಡಿ. ಈ ಗುಂಡಿಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ವಿದ್ಯುತ್ತು ದಾರಿ ತಪ್ಪಿದರೆ ನೆಲಕ್ಕಿಳಿಯಲಿ ಎಂದು ಇದ್ದಲು ಉಪ್ಪುಗಳನ್ನು ತುಂಬಿ ಲೋಹವನ್ನು ಹುಗಿಯುತ್ತಾರೆ. ನಮ್ಮ ಚಿರೆಕಲ್ಲಿನ ನೆಲ ಬೇಸಗೆಯಲ್ಲಿ ಒಣಗಿತೆಂದರೆ ವಿದ್ಯುತ್ತಿಗೆ ದಾರಿ ಕೊಡುವುದಿಲ್ಲ. ಆಳಕ್ಕೆ ತೋಡಬೇಕು, ಆಗಾಗ ನೀರೂ ಹಾಕಬೇಕು. ಹಣ ಕಡಿಮೆ ಬಿದ್ದವರು ಮೊದಲು ಕೈಬಿಡುವುದು ಇದನ್ನೇ, ಏಕೆಂದರೆ ಇದಿಲ್ಲದಿದ್ದರೂ ದೀಪ ಉರಿಯುತ್ತದೆ. ಮಳೆಗಾಲದಲ್ಲಿ ಒದ್ದೆ ಗೋಡೆ ಮುಟ್ಟಿ ಜೀವ ಹೋದ ಸುದ್ದಿ ಬಂದಾಗ ಇದರ ಬೆಲೆ ತಿಳಿಯುತ್ತದೆ.

1980ರ ದಶಕದಲ್ಲಿ ಭಾಗ್ಯಜ್ಯೋತಿ ಎಂಬ ಹೆಸರು ನಮ್ಮ ಕಡೆ ಮನೆಮಾತಾಯಿತು. ಬಡವರ ಮನೆಗೆ ಒಂದು ದೀಪ, ಒಂದೇ ಒಂದು. ಆ ಒಂದನ್ನು ಎಲ್ಲಿ ಹಾಕುವುದು? ಅಡುಗೆಮನೆಗೋ, ಜಗಲಿಗೋ? ಎಷ್ಟೋ ಮನೆಗಳಲ್ಲಿ ಇದೊಂದು ಪಂಚಾಯತಿಕೆಯೇ ಆಯಿತು. ಜಾಣ ಗೃಹಿಣಿಯರು ನಡುಗೋಡೆಯಲ್ಲಿ ಒಂದು ಕಲ್ಲು ಕಿತ್ತು, ಆ ಕಿಂಡಿಯಲ್ಲಿ ಬಲ್ಬು ಕೂಡಿಸಿದರು. ಇತ್ತ ರೊಟ್ಟಿ ತಟ್ಟುವವರಿಗೂ ಬೆಳಕು, ಅತ್ತ ಓದುವ ಮಗುವಿಗೂ ಬೆಳಕು. ನನಗೆ ತಿಳಿದ ಹತ್ತಾರು ಮಕ್ಕಳು ಅಂತಹ ಅರ್ಧ ದೀಪದಲ್ಲಿ ಓದಿ ಪಾಸಾದವರು. ಆ ಯೋಜನೆಯನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಅದು ತಲುಪಿದುದು ಕಂಬದ ಹತ್ತಿರವಿದ್ದ ಬಡವರಿಗೆ. ದೂರದ ಬಡವನಿಗೆ ಬಡತನ ಒಂದೇ ಅಲ್ಲ, ದೂರವೂ ಒಂದು ಕೊರತೆ.

ಲೆಕ್ಕದಲ್ಲಿ ಮಾತ್ರ ಎಲ್ಲ ಊರುಗಳೂ ಬೆಳಗಿದ್ದವು. ಬಹುಕಾಲ ದಿಲ್ಲಿಯವರ ಎಣಿಕೆ ಹೀಗಿತ್ತು: ಗ್ರಾಮದ ಎಲ್ಲೆಯೊಳಗೆ ಎಲ್ಲಿಯಾದರೂ, ಯಾವ ಕೆಲಸಕ್ಕಾದರೂ ವಿದ್ಯುತ್ತು ಬಂದರೆ ಗ್ರಾಮ ವಿದ್ಯುದೀಕರಣವಾದಂತೆ. ಒಬ್ಬ ಸಾಹುಕಾರನ ಪಂಪು ತಿರುಗಿದರೆ ಊರಿಗೆಲ್ಲ ದೀಪ ಬಂದ ಲೆಕ್ಕ! 2004ರಲ್ಲಿ ಈ ಲಕ್ಷಣವನ್ನು ತಿದ್ದಿ, ಶಾಲೆ, ಪಂಚಾಯತಿ, ಆರೋಗ್ಯ ಕೇಂದ್ರಗಳಿಗೆ ವಿದ್ಯುತ್ತಿರಬೇಕು, ಮನೆಗಳಲ್ಲಿ ನೂರಕ್ಕೆ ಹತ್ತಾದರೂ ಬೆಳಗಬೇಕು ಎಂದರು. ಉಳಿದ ತೊಂಬತ್ತರ ಮಾತು? ನಾನು ನೂರಕ್ಕೆ ಹತ್ತು ಅಂಕ ತೆಗೆದ ಹುಡುಗನನ್ನು ಪಾಸು ಮಾಡಿದರೆ ಮುಖ್ಯೋಪಾಧ್ಯಾಯರು ಏನೆಂದಾರು! ಮನೆಯನ್ನೇ ಎಣಿಸುವ ಪದ್ಧತಿ ಬಲವಾಗಿ ಬಂದುದು 2017ರ ಸೆಪ್ಟೆಂಬರಿನ ಸೌಭಾಗ್ಯ ಯೋಜನೆಯಿಂದ. ಬಡ ಮನೆಗಳಿಗೆ ಸಂಪರ್ಕ ಪೂರ್ತಿ ಉಚಿತ. ಉಳಿದವರಿಗೆ 500 ರೂಪಾಯಿ, ಅದೂ ತಿಂಗಳ ಬಿಲ್ಲಿನೊಡನೆ ಹತ್ತು ಕಂತುಗಳಲ್ಲಿ. 2022ರ ಮಾರ್ಚಿಯಲ್ಲಿ ಅದು ಮುಗಿಯುವ ಹೊತ್ತಿಗೆ ದೇಶದಲ್ಲಿ 2.86 ಕೋಟಿ ಮನೆಗಳಿಗೆ ಸಂಪರ್ಕ ಸಿಕ್ಕಿತೆಂದು ಲೆಕ್ಕ. ಹಣ ಕಡಿಮೆ ಮಾಡಿದುದಕ್ಕಿಂತ, ಮೊದಲೇ ಒಟ್ಟಿಗೆ ಕೇಳುವುದನ್ನು ಬಿಟ್ಟುದೇ ಅದರ ದೊಡ್ಡ ಗುಣವೆಂದು ನನ್ನ ಎಣಿಕೆ.

ಇದು ನಮ್ಮ ದೇಶದ ಕಥೆ ಮಾತ್ರವಲ್ಲ. 2023ರ ಎಣಿಕೆಯಂತೆ ಲೋಕದಲ್ಲಿ 66 ಕೋಟಿಗೂ ಮೇಲ್ಪಟ್ಟು ಜನ ವಿದ್ಯುತ್ತಿಲ್ಲದೆ ಇದ್ದರು. ಅವರಲ್ಲಿ ಬಹುಪಾಲು ಆಫ್ರಿಕದವರು. ಅಲ್ಲಿಯ ಕೆನ್ಯ ದೇಶದಲ್ಲಿ ಪರಿವರ್ತಕದಿಂದ 600 ಮೀಟರಿನೊಳಗಿನ ಮನೆಗೆ ಸಂಪರ್ಕ ಬೇಕಾದರೆ 35,000 ಶಿಲ್ಲಿಂಗು ಕಟ್ಟಬೇಕಿತ್ತು. 2015ರಲ್ಲಿ ಅದನ್ನು 15,000ಕ್ಕೆ ಇಳಿಸಿದರು. ಕೆನ್ನೆತ್ ಲೀ, ಎಡ್ವರ್ಡ್ ಮಿಗೆಲ್, ಕ್ಯಾಥರಿನ್ ವುಲ್ಫ್ರಮ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಪಶ್ಚಿಮ ಕೆನ್ಯದ ಹಳ್ಳಿಗಳಲ್ಲಿ ಒಂದು ಪರೀಕ್ಷೆ ನಡೆಸಿದರು. ಕೆಲವು ಹಳ್ಳಿಗಳಿಗೆ ಉಚಿತ, ಕೆಲವಕ್ಕೆ ಅಷ್ಟಿಷ್ಟು ರಿಯಾಯಿತಿ, ಕೆಲವಕ್ಕೆ ಪೂರ್ತಿ ಬೆಲೆ. ಉಚಿತವೆಂದಲ್ಲಿ ಹೆಚ್ಚುಕಡಿಮೆ ಎಲ್ಲರೂ ಬಂದರು. ಬೆಲೆಯನ್ನು ಅರ್ಧಕ್ಕಿಂತ ಕಡಿಮೆ ಮಾಡಿದಲ್ಲಿಯೂ ನಾಲ್ಕರಲ್ಲಿ ಒಂದು ಪಾಲು ಮನೆಯವರೂ ಬರಲಿಲ್ಲ. ತಲೆಯ ಮೇಲೆ ತಂತಿ, ಕೆಳಗೆ ಕತ್ತಲೆ.

ಇದರಿಂದ ಆ ಪಂಡಿತರು ತೆಗೆದ ಒಂದು ತೀರ್ಮಾನವೆಂದರೆ, ಜನ ಕೊಡಲು ಸಿದ್ಧರಿರುವ ಬೆಲೆ ಸಂಪರ್ಕದ ನಿಜವಾದ ಖರ್ಚಿಗಿಂತ ಬಹಳ ಕಡಿಮೆ ಎಂಬುದು. ಕೈಯಲ್ಲಿ ಹಣವಿಲ್ಲದಿರುವುದೂ ಸಾಲ ಹುಟ್ಟದಿರುವುದೂ ಇದಕ್ಕೆ ಕಾರಣವಾಗಿರಬಹುದೆಂದು ಅವರೇ ಒಪ್ಪಿದ್ದಾರೆ. ನನಗೆ ಈ ಎರಡನೆಯ ಮಾತೇ ಮುಖ್ಯವೆಂದು ತೋರುತ್ತದೆ. ತಂಬಿಗೆ ನೀರಿಗೆ ಬಾಯಾರಿದವನು ಎಷ್ಟು ಕಾಸು ಕೊಟ್ಟನೆಂಬುದರಿಂದ ಅವನ ಬಾಯಾರಿಕೆಯನ್ನು ಅಳೆಯಲಾಗದು. ಅವನ ಕಿಸೆಯನ್ನು ಅಳೆದಂತಾದೀತು. ಅವರ ಇನ್ನೊಂದು ಲೆಕ್ಕವನ್ನು ಮಾತ್ರ ನಾನು ಎರಡು ಮಾತಿಲ್ಲದೆ ಒಪ್ಪುತ್ತೇನೆ: ಒಂದೊಂದೇ ಮನೆಗೆ ಒಯ್ಯುವುದಕ್ಕಿಂತ ಕೇರಿಗೆ ಕೇರಿಯನ್ನೇ ಒಟ್ಟಿಗೆ ಜೋಡಿಸಿದರೆ ಮನೆಯೊಂದರ ಖರ್ಚು ಬಹಳ ಇಳಿಯುತ್ತದೆ.

ಇದನ್ನು ತಿಳಿಯಲು ಕೆನ್ಯಕ್ಕೆ ಹೋಗಬೇಕಾಗಿಲ್ಲ. ನಮ್ಮ ಹಳ್ಳಿಗಳಲ್ಲಿ ನಾಲ್ಕು ದಾಯಾದಿಗಳ ಮನೆಗಳು ಸಾಲಾಗಿ ಇದ್ದರೆ ಒಬ್ಬೊಬ್ಬನೂ ಇನ್ನೊಬ್ಬನು ಕಂಬ ತರಿಸಲೆಂದು ಕಾಯುತ್ತಾನೆ. ಮೊದಲು ತರಿಸಿದವನಿಗೆ ನಾಲ್ಕು ಕಂಬದ ಖರ್ಚು. ಆಮೇಲಿನವನಿಗೆ ಬರಿಯ ತಂತಿಯ ಖರ್ಚು. ಹೀಗಿರುವಾಗ ಮೊದಲಿಗನಾಗುವವನು ಯಾರು? ಇನ್ನು ತಂತಿ ಯಾರ ತೋಟದ ಮೇಲೆ ಹೋಗಬೇಕು ಎಂಬ ಜಗಳ. ತೆಂಗಿನ ಮಡಲು ತಂತಿಗೆ ತಾಗುತ್ತದೆ ಎಂದು ಮರ ಕಡಿಯಹೇಳಿದರೆ, ಫಲ ಬಿಡುವ ಮರವನ್ನು ಯಾರು ಕಡಿದಾರು? ಅಣ್ಣನ ಮನೆಯ ದೀಪಕ್ಕೆ ತಮ್ಮನ ತಕರಾರು ಅರ್ಜಿ ಹೋದುದನ್ನು ನಾನು ಕಂಡಿದ್ದೇನೆ. ಆ ಅರ್ಜಿಯ ಕನ್ನಡ ಬಹಳ ಚೆನ್ನಾಗಿತ್ತು, ಬರೆದವನು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿ.

ಹಣ, ದೂರ, ನೆರೆಹೊರೆ ಇವು ಮೂರೂ ಬಗೆಹರಿದ ಮೇಲೆ ನಾಲ್ಕನೆಯದು ಕಾಗದ. ಉತ್ತರ ಕನ್ನಡದ ನೆಲದಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಕಾಡು. ತಲೆಮಾರುಗಳಿಂದ ಅದರ ಅಂಚಿನಲ್ಲಿ ವಾಸವಿದ್ದೂ ಪಹಣಿಯಲ್ಲಿ ಹೆಸರಿಲ್ಲದವರು ಬಹಳ. ಕಚೇರಿಯಲ್ಲಿ ಕೇಳುವುದು, "ಜಾಗ ನಿಮ್ಮದೆಂಬುದಕ್ಕೆ ಆಧಾರವೇನು?" ಇಲ್ಲಿ ಪಂಡಿತನಾದ ನನಗೆ ಸ್ವಲ್ಪ ಅಧಿಕಾರವಿದೆ, ಏಕೆಂದರೆ ವಿಷಯ ಒಂದು ಶಬ್ದದ್ದು. 2003ರ ವಿದ್ಯುಚ್ಛಕ್ತಿ ಕಾನೂನಿನ 43ನೆಯ ಕಲಮು ಹೇಳುವುದು, ಕಟ್ಟಡದ ಒಡೆಯ ಅಥವಾ ಅದರಲ್ಲಿ ವಾಸವಿರುವವನು ಅರ್ಜಿ ಕೊಟ್ಟರೆ ಒಂದು ತಿಂಗಳೊಳಗೆ ವಿದ್ಯುತ್ತು ಕೊಡತಕ್ಕದ್ದು ಎಂದು. ಮಾರ್ಗವನ್ನು ಹೊಸದಾಗಿ ಎಳೆಯಬೇಕಾದಲ್ಲಿ ಮಾತ್ರ ಹೆಚ್ಚಿನ ಅವಧಿ. ಆ 'ಅಥವಾ' ಎಂಬ ಅವ್ಯಯದ ಮೇಲೆ ಎಷ್ಟು ಮನೆಗಳ ಬೆಳಕು ನಿಂತಿದೆ ಎಂಬುದನ್ನು ನೀವೇ ಯೋಚಿಸಿ. ಮುಂದಿನ 46ನೆಯ ಕಲಮು ಮಾರ್ಗದ ಖರ್ಚನ್ನು ಬೇಡಿದವನಿಂದ ವಸೂಲು ಮಾಡಲು ಅವಕಾಶ ಕೊಡುತ್ತದೆ ಎಂಬುದೂ ನಿಜ.

ಕಂಬ ಕಾಡಿನ ಮೂಲಕವೇ ಹೋಗಬೇಕಾದರೆ 1980ರ ಅರಣ್ಯ ಸಂರಕ್ಷಣಾ ಕಾನೂನು ಅಡ್ಡ ನಿಲ್ಲುತ್ತದೆ. ಕಾಡನ್ನು ಉಳಿಸಿದ ಕಾನೂನು ಅದು. ಅದನ್ನು ಬೈಯುವುದು ಸರಿಯಲ್ಲ. ಆದರೆ 2006ರ ಅರಣ್ಯ ಹಕ್ಕುಗಳ ಕಾನೂನು ಒಂದು ಬಾಗಿಲನ್ನು ತೆರೆದಿಟ್ಟಿದೆ. ಶಾಲೆ, ರಸ್ತೆ, ಕುಡಿಯುವ ನೀರುಗಳ ಜೊತೆಗೆ ವಿದ್ಯುತ್ ತಂತಿಗೂ, ಒಂದು ಕೆಲಸಕ್ಕೆ ಒಂದು ಹೆಕ್ಟೇರಿಗಿಂತ ಕಡಿಮೆ ನೆಲವನ್ನು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರಗಳು ಬೀಳದಂತೆ, ಗ್ರಾಮಸಭೆಯ ಶಿಫಾರಸಿನ ಮೇಲೆ ಬಿಟ್ಟುಕೊಡಬಹುದು. ಗ್ರಾಮಸಭೆಯ ದಿನ ನಮ್ಮವರು ಮನೆಯಲ್ಲಿ ಉಳಿದು, ಮರುದಿನ ಅಧಿಕಾರಿಯನ್ನು ದೂರುವುದು ವಾಡಿಕೆ.

2023ರಲ್ಲಿ ನಮ್ಮ ರಾಜ್ಯದಲ್ಲಿ ಗೃಹಜ್ಯೋತಿ ಬಂತು. ತಿಂಗಳಿಗೆ 200 ಯೂನಿಟ್ಟಿನ ಮಿತಿಯೊಳಗೆ, ಹಿಂದಿನ ಬಳಕೆಯ ಸರಾಸರಿಗೆ ನೂರಕ್ಕೆ ಹತ್ತು ಸೇರಿಸಿದಷ್ಟು ಬಳಸಿದರೆ ಬಿಲ್ಲಿಲ್ಲ ಎಂಬುದು ಅದು ಬಂದಾಗಿನ ನಿಯಮ. ನಿಮ್ಮಲ್ಲಿ ಅನೇಕರಿಗೆ ಇದರಿಂದ ನೆಮ್ಮದಿಯಾಗಿದೆ, ನನಗೂ ಆಗಿದೆ. ಆದರೆ ಮೀಟರೇ ಇಲ್ಲದ ಮನೆಗೆ ಇದರಿಂದ ಬಂದುದೇನು? ತಿಂಗಳ ಹಣವನ್ನು ಹೇಗೋ ಕೊಡಬಲ್ಲ ನಮಗೆ ತಿಂಗಳ ಹಣ ಮಾಫಿಯಾಯಿತು. ಮೊದಲ ಹಣವನ್ನು ಕೊಡಲಾರದವನು ಇದ್ದಲ್ಲೇ ಇದ್ದಾನೆ. ಹಂಚುವ ಕೈ ನನ್ನದಾಗಿದ್ದರೆ ನಾನು ಮೊದಲು ಕಂಬಕ್ಕೆ ಕೊಡುತ್ತಿದ್ದೆ, ಮಿಕ್ಕುದನ್ನು ಬಿಲ್ಲಿಗೆ.

ಕಂಬವೇ ಬೇಡ ಎನ್ನುವ ದಾರಿಯೂ ಇದೆ. 1995ರಲ್ಲಿ ಹರೀಶ ಹಂದೆಯವರು ಕಟ್ಟಿದ ಸೆಲ್ಕೋ ಸಂಸ್ಥೆ ಬ್ಯಾಂಕುಗಳ ಸಾಲದ ಮೂಲಕ ಕರ್ನಾಟಕದ ಹಳ್ಳಿಗಳಿಗೆ ಸೌರದೀಪಗಳನ್ನು ಒಯ್ದಿತು. ಬೀದಿಯ ವ್ಯಾಪಾರಿಗೆ ತಿಂಗಳಿಗೆ 300 ರೂಪಾಯಿ ಕಷ್ಟ, ದಿನಕ್ಕೆ 10 ರೂಪಾಯಿ ಸುಲಭ ಎಂಬ ಪಾಠವನ್ನು ತಾವು ಗಿರಾಕಿಗಳಿಂದಲೇ ಕಲಿತುದಾಗಿ ಅವರು ಹೇಳುತ್ತಾರೆ. ಕಂಬದ ವಿಷಯದಲ್ಲಿಯೂ ಪಾಠ ಅದೇ. ನಮ್ಮ ಕಡೆ ಮಾತ್ರ ಸೂರ್ಯನು ಮಿರ್ಗದ ಮಳೆಗೆ ರಜೆ ಹಾಕಿದರೆ ಚೌತಿಯ ಹೊತ್ತಿಗೆ ಮುಖ ತೋರಿಸುವವನು. ಘಟ್ಟದ ಬುಡದ ಕೆಲವು ತೋಟದವರು ಹಳ್ಳದ ನೀರನ್ನು ಕೊಳವೆಯಲ್ಲಿ ಇಳಿಸಿ ಸಣ್ಣ ಚಕ್ರ ತಿರುಗಿಸಿ ಮನೆಮಟ್ಟಿಗೆ ವಿದ್ಯುತ್ತು ಮಾಡಿಕೊಂಡಿದ್ದಾರೆ. ಅದು ಮಳೆಗಾಲದ ದೊರೆ, ಬೇಸಗೆಯ ತಿರುಕ. ಎರಡೂ ಇದ್ದವನಿಗೆ ವರ್ಷವಿಡೀ ಬೆಳಕು. ಆದರೆ ಎರಡೂ ಇರುವುದು ತೋಟವುಳ್ಳವನಿಗೆ.

ನಾನು ಹೇಳಿದ ಆ ಹುಡುಗಿಯ ಮನೆಗೆ, ಆಕೆ ಪರೀಕ್ಷೆ ಬರೆದು ಹೋದ ಎರಡು ವರ್ಷಕ್ಕೆ ಕಂಬ ಬಂತು. ನೆರೆಯ ಐದು ಮನೆಯವರು ಸೇರಿ ಒಂದೇ ಅರ್ಜಿ ಕೊಟ್ಟಿದ್ದರು. ಒಬ್ಬರ ತೋಟದ ಎರಡು ತೆಂಗಿನ ಮರಗಳಿಗೆ ಉಳಿದವರು ಕೂಡಿ ಹಣ ಕೊಟ್ಟರು. ಹೀಗೆ ಒಟ್ಟಿಗೆ ಕೊಟ್ಟ ಅರ್ಜಿಗೆ ಅಂದಾಜುಪಟ್ಟಿಯೂ ಒಟ್ಟಿಗೇ ಆಗುತ್ತದೆ. ನಿಮ್ಮ ಮನೆಗೆ ಕೆಲಸಕ್ಕೆ ಬರುವವರಲ್ಲಿ, ಹಾಲು ಹೂವು ತರುವವರಲ್ಲಿ ಯಾರಿಗಾದರೂ ಇನ್ನೂ ಮೀಟರಿಲ್ಲದಿದ್ದರೆ ಇಷ್ಟನ್ನು ತಿಳಿಸಿ. ಅರ್ಜಿಯಲ್ಲಿ 43ನೆಯ ಕಲಮನ್ನೂ, 'ವಾಸವಿರುವವನು' ಎಂಬ ಮಾತನ್ನೂ ಬರೆಯಲಿ. ವಾಸಕ್ಕೆ ರೇಷನ್ ಕಾರ್ಡೋ, ಪಂಚಾಯತಿಯ ಮನೆತೆರಿಗೆಯ ರಸೀದಿಯೋ ಇದ್ದರೆ ಪ್ರತಿ ಲಗತ್ತಿಸಲಿ. ಕೊಟ್ಟುದಕ್ಕೆ ತಾರೀಖಿನ ಸಹಿತ ಸ್ವೀಕೃತಿ ಪಡೆಯುವುದನ್ನು ಮರೆಯದಿರಲಿ. ದೀಪಾವಳಿ ಕಳೆದೊಡನೆ ಕೊಟ್ಟರೆ ಒಳ್ಳೆಯದು. ಅಳತೆ, ಅಂದಾಜು, ಮಂಜೂರಿ ಮುಗಿಯುವಷ್ಟರಲ್ಲಿ ಬೇಸಗೆ ಬಂದಿರುತ್ತದೆ. ಮಿರ್ಗ ಹೊಕ್ಕ ಮೇಲೆ ನಮ್ಮ ನೆಲದಲ್ಲಿ ತೋಡಿದ ಗುಂಡಿಗೆ ಮಣ್ಣಿಗಿಂತ ಮೊದಲು ನೀರು ತುಂಬುತ್ತದೆ.